ಮಾವ ತರಿಸಿದ ಮಳೆ

ನಮ್ಮ ಮಾವನವರಿಗೆ ಕಿವಿ ಮಂದವಾಗಿದೆಯೆಂದು ಬೀದಿಗೆಲ್ಲ ಗೊತ್ತಾದ ಮೇಲೆಯೇ ಅವರಿಗೆ ಗೊತ್ತಾಯಿತು. ನಲವತ್ತು ವರ್ಷ ಗ್ಯಾರೇಜಿನ ಗಲಾಟೆ ಹೊತ್ತ ಕಿವಿ, ಪಾಪ, ಎಷ್ಟು ದಿನ ತಡೆದೀತು? ಒಂದು ಕಾಲಕ್ಕೆ ಕಾರು ತಿರುವಿನಲ್ಲಿರುವಾಗಲೇ ಸದ್ದು ಕೇಳಿ ಅದರ ಕಾಯಿಲೆ ಹೇಳುತ್ತಿದ್ದರು. ಅದಕ್ಕೇ ಅವರಿಗೆ ಕಿವಿ ಮೇಸ್ತ್ರಿ ಎಂಬ ಹೆಸರು. ಈಗ ಗಿರಾಕಿ ಹಿಂದಿನ ಚಕ್ರ ಎಂದರೆ ಮುಂದಿನದನ್ನು ಬಿಚ್ಚಿ ಕೂರುತ್ತಿದ್ದರು.

ಹೋದ ಭಾನುವಾರ ನಮ್ಮ ಯಜಮಾನರು ಅಪ್ಪನ ಕಬ್ಬಿಣದ ಸ್ಟೂಲನ್ನು ಗ್ಯಾರೇಜಿನಿಂದ ಎತ್ತಿ ಮಹಡಿ ಮೇಲಿನ ಮನೆಗೆ ತಂದಿಟ್ಟರು. "ಸಾಕಪ್ಪಾ, ಇನ್ನು ಆರಾಮಾಗಿ ಮನೇಲಿರಿ" ಎಂದರು. ಮಾವ ಮೂರು ದಿನ ಆ ಸ್ಟೂಲಿನ ಮೇಲೆ ಕೂರಲೇ ಇಲ್ಲ, ನಿಂತೇ ಚಹಾ ಕುಡಿದರು. ನನಗೆ ಮೈಯೆಲ್ಲ ಉರಿಯಿತು.

"ಮಳೆಗಾಲ ಶುರುವಾಗಿದೆ, ಕೆಟ್ಟ ಗಾಡಿಗಳು ಸಾಲುಗಟ್ಟಿ ಬರ್ತವೆ. ಅವರಿಲ್ದೆ ಹೇಗೆ ಮಾಡ್ತೀರೋ ನಾನೂ ನೋಡ್ತೀನಿ" ಎಂದು ಯಜಮಾನರಿಗೆ ಮುಖಕ್ಕೇ ಹೇಳಿದೆ.

ಬುಧವಾರ ಮಧ್ಯಾಹ್ನ ನರ್ಸಮ್ಮ ಬಂದರು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಇಂಜೆಕ್ಷನ್ ಕೊಡುವವರು. ಅವರ ಹಳೇ ಕಾರು ಬಿಸಿಲಿದ್ದರೆ ಬಂಗಾರ, ಮಳೆ ಬಿದ್ದರೆ ಕೆಮ್ಮಿ ಕೆಮ್ಮಿ ನಡುರಸ್ತೆಯಲ್ಲಿ ನಿಲ್ಲುತ್ತಿತ್ತು. ಎರಡು ಗ್ಯಾರೇಜು ಸುತ್ತಿ ಬಂದಿದ್ದರು.

"ನಿನ್ನೆ ಒಬ್ರು ಅಜ್ಜಿ ಎರಡು ಗಂಟೆ ನೋವು ತಿಂದ್ಕೊಂಡು ಕಾದ್ರು. ಇನ್ಯಾವ ಮುಖ ಇಟ್ಕೊಂಡು ಹೋಗ್ಲಿ?"

ಯಜಮಾನರು ಬಾನೆಟ್ ಎತ್ತಿದರು, ಪ್ಲಗ್ ಬಿಚ್ಚಿ ಒರೆಸಿ ಹಾಕಿ ಸ್ಟಾರ್ಟ್ ಮಾಡಿದರು. ಬೆಳಗಿನಿಂದ ಮಳೆಯಿಲ್ಲದೆ ಒಣಗಿದ್ದ ಎಂಜಿನ್, ಮೇಷ್ಟ್ರ ಮುಂದೆ ಕೂತ ತುಂಟನ ಹಾಗೆ, ಒಂದು ತಪ್ಪೂ ತೋರಿಸಲಿಲ್ಲ. "ಏನೂ ತೊಂದ್ರೆ ಕಾಣ್ತಿಲ್ಲಮ್ಮ" ಎಂದರು. ನರ್ಸಮ್ಮನ ಕಣ್ಣು ತುಂಬಿತು.

ನಾನು ಮೆಟ್ಟಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದೆ: "ಮಾವಾ, ಮಳೇಲಿ ಕೆಮ್ಮಿ ಕೆಮ್ಮಿ ಮಿಸ್ಸಿಂಗ್ ಹೊಡೆಯೋ ಗಾಡಿ ಬಂದಿದೆ, ಬನ್ನಿ!"

ಬಂದರು. ಎಂಜಿನ್ ಓಡುತ್ತಿದ್ದ ಕಾರಿನ ಮೈಮೇಲೆ ಅಂಗೈ ಊರಿ ಅದರ ಮಿಡಿತ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇಸ್ತ್ರಿ ಮಾಡುವಾಗ ನೀರು ಹೊಡಿತೀಯಲ್ಲಮ್ಮ, ಆ ಬಾಟ್ಲಿ ತಾ" ಎಂದರು. ಹೊಗೆ ಹೋಗಲು ಹಿಂಬಾಗಿಲು ಒಂದಿಷ್ಟು ತೆರೆದಿಟ್ಟು, ರಸ್ತೆ ಕಡೆಯ ಶಟರ್ ಇಳಿಸಿ, ದೀಪ ಆರಿಸಿದರು.

"ಅಪ್ಪಾ, ಎಲ್ಲರೂ ಒಣಗಿಸಿದ್ರೆ ನೀವು ಒದ್ದೆ ಮಾಡೋಕೆ ಹೊರಟಿದೀರಲ್ಲ!" ಯಜಮಾನರು ಕಿರುಚಿದರು.

"ಕಳ್ಳ ಬರೋದು ಮಳೇಲಿ ತಾನೇ? ಮಳೆ ತರಿಸೋಣ ಇರು."

ಒಂದೊಂದೇ ಪ್ಲಗ್ ವೈರಿಗೆ ನೀರು ಚಿಮುಕಿಸುತ್ತ ಬಂದರು. ಮೊದಲನೆಯದಕ್ಕೆ ಏನಿಲ್ಲ, ಎರಡನೆಯದಕ್ಕೂ ಏನಿಲ್ಲ. ಮೂರನೆಯದಕ್ಕೆ ಹನಿ ಬಿತ್ತೋ ಇಲ್ಲವೋ, ವೈರಿನಿಂದ ಪಕ್ಕದ ಕಬ್ಬಿಣಕ್ಕೆ ನೀಲಿ ಕಿಡಿ ಚಟಚಟನೆ ಹಾರಿತು! ಎಂಜಿನ್ ಗಡಗಡ ನಡುಗಿತು. ಮಾವನ ಅಂಗೈ ಇನ್ನೂ ಕಾರಿನ ಮೇಲೇ ಇತ್ತು. "ನಾಲ್ಕು ಸಿಲಿಂಡರಲ್ಲಿ ಒಂದು ಕೆಲ್ಸ ಬಿಡ್ತು" ಎಂದರು.

ದೀಪ ಹಾಕಿ ನೋಡಿದರೆ ವೈರಿನ ಹೊದಿಕೆಯಲ್ಲಿ ಕೂದಲೆಳೆಯಷ್ಟು ಸೀಳು. ಒದ್ದೆಯಾದಾಗಲೆಲ್ಲ ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಅಲ್ಲಿಂದ ಸೋರಿಹೋಗುತ್ತಿತ್ತು. ಹೊಸ ವೈರು ಹಾಕಿ ಬಾಟಲಿಯ ಅಷ್ಟೂ ನೀರು ಹೊಡೆದರೂ ಎಂಜಿನ್ ಒಂದಿಷ್ಟೂ ನಡುಗಲಿಲ್ಲ. ಸಂಜೆ ಮಳೆ ಸುರಿಯತೊಡಗಿದಾಗ ನರ್ಸಮ್ಮ ಅದರಲ್ಲೇ ಗಾಡಿ ಓಡಿಸಿಕೊಂಡು ಹೋದರು. ನಾವು ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ತಿರುವು ದಾಟುವವರೆಗೂ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಇಂಥವರ ಸೊಸೆ ನಾನು ಎಂದು ಎದೆಯುಬ್ಬಿ ಬಂತು.

ಯಜಮಾನರು ಮಹಡಿ ಹತ್ತಿದರು. ಇಳಿಯುವಾಗ ಹೆಗಲ ಮೇಲೆ ಸ್ಟೂಲಿತ್ತು. ಹಳೇ ಜಾಗದಲ್ಲಿ ಅದನ್ನಿಟ್ಟು, ಅಪ್ಪನ ಕಿವಿಗೆ ಬಾಗಿ ಗಟ್ಟಿಯಾಗಿ ಹೇಳಿದರು: "ಗಿರಾಕಿ ಹೇಳೋದನ್ನ ನಾನು ಕೇಳಿಸ್ಕೋತೀನಿ. ಗಾಡಿ ಹೇಳೋದನ್ನ ನೀವು ನೋಡ್ಕೊಳ್ಳಿ."

ಮಾವ ಕೂತರು. "ಬಾಟ್ಲಿ ಇಲ್ಲೇ ಇರ್ಲಿ" ಎಂದರು, ಅಷ್ಟೇ.

ಈಗ ನಾನು ಬಟ್ಟೆಗೆ ಕೈಯಿಂದಲೇ ನೀರು ಚಿಮುಕಿಸುತ್ತೇನೆ. ಬಾಟಲಿ ಎಲ್ಲಿ ಎಂದು ಪಕ್ಕದ ಮನೆಯಾಕೆ ಕೇಳಿದರೆ, ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ: "ಅದು ನಮ್ಮ ಮಾವನ ಜೊತೆ ಕೆಲಸಕ್ಕೆ ಹೋಗಿದೆ!"