ಗಂಗಣ್ಣನ ಪೆಟ್ರೋಲ್ ದುಡ್ಡು

ಗಂಗಣ್ಣ, ನಿಮ್ಮ ಕಾರಿನ ಇನ್ಶೂರೆನ್ಸ್ ಕಟ್ಟದೆ ಬಿಟ್ಟವನು ನಾನು. ಅದನ್ನು ಮುಚ್ಚಿಕೊಳ್ಳಲು ನಿಮ್ಮ ತಲೆಯ ಮೇಲೆಯೇ ತಪ್ಪು ಹೊರಿಸಿದವನೂ ನಾನೇ. ಇಷ್ಟು ವರ್ಷ ನಿಮ್ಮ ಮನೆಯ ಒಬ್ಬಟ್ಟು ತಿಂದುಕೊಂಡು, ಬಾಯಿ ತುಂಬಾ ಅಣ್ಣ ಎಂದು ಕರೆದುಕೊಂಡು, ಇದನ್ನು ನುಂಗಿಕೊಂಡೇ ಇದ್ದೆ. ಮೊದಲನೆಯದನ್ನು ನೀವು ಅವತ್ತೇ ಕ್ಷಮಿಸಿಬಿಡುತ್ತಿದ್ದಿರಿ, ನಿಮ್ಮನ್ನು ಬಲ್ಲ ನನಗೆ ಅದು ಗೊತ್ತು. ಎರಡನೆಯದು ಮಾತ್ರ — ಅದು ನಿಮ್ಮನ್ನೇ ಬದಲಾಯಿಸಿಬಿಟ್ಟಿತು.

ಎಂಬತ್ತರ ದಶಕದ ನಡುವಿನ ಮಾತು. ವಿಜಯನಗರದ ನಮ್ಮ ಯುವಕ ಸಂಘಕ್ಕೆ ನಾನು ಖಜಾಂಚಿ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಗತ್ತು ಮಾತ್ರ ಮಂತ್ರಿಯದು. ನೀವು ಕಾರ್ಖಾನೆಯಲ್ಲಿ ಫಿಟ್ಟರ್. ಯಾರೋ ಗುಜರಿಗೆ ಹಾಕಲಿದ್ದ ಫಿಯಟ್ಟನ್ನು ತಂದು, ರಜಾ ದಿನಗಳನ್ನೆಲ್ಲ ಅದರ ಕೆಳಗೆ ಮಲಗಿಯೇ ಕಳೆದು, ಕೊನೆಗೂ ಓಡುವ ಹಾಗೆ ಮಾಡಿದ್ದಿರಿ. ನಮ್ಮ ಬೀದಿಗೆ ಅದೊಂದೇ ಕಾರು. ಭಾನುವಾರ ಬಂತೆಂದರೆ ಕೇರಂ ಬೋರ್ಡು, ವಾಲಿಬಾಲ್ ನೆಟ್ಟು, ನಾವೊಂದಷ್ಟು ಕಾರ್ಯಕರ್ತರು — ಎಲ್ಲವನ್ನೂ ತುಂಬಿಕೊಂಡು ಕೆಂಗೇರಿಯಾಚೆಯ ಹಳ್ಳಿಗಳಿಗೆ ಹೊರಡುತ್ತಿದ್ದಿರಿ. ಅಲ್ಲಿನ ಮಕ್ಕಳಿಗೆ ಆಟ, ಪಾಠ ಹೇಳಿಕೊಡುವುದು ಸಂಘದ ಕೆಲಸ. ಕಾರು ಮಾತ್ರ ತಳ್ಳದೆ ಹೊರಡುತ್ತಿರಲಿಲ್ಲ. ನೀವು ಕಿಟಕಿಯಿಂದ ತಲೆ ಹೊರಗೆ ಹಾಕಿ, “ತಳ್ರೋ, ಜೋರಾಗಿ ತಳ್ರೋ! ಸಾವಿತ್ರಿ ಕೊಟ್ಟ ಚಿತ್ರಾನ್ನ ಎಲ್ಲೋಯ್ತು?” ಎಂದು ಕೂಗುತ್ತಿದ್ದಿರಿ. ನಾವು ನಗುತ್ತಾ ತಳ್ಳುತ್ತಿದ್ದೆವು, ಸಾವಿತ್ರಕ್ಕ ನಿಮ್ಮ ಮನೆ ಬಾಗಿಲಲ್ಲಿ ನಿಂತು ನಗುತ್ತಿದ್ದರು.

ಪೆಟ್ರೋಲಿಗೆ ನೀವು ಒಂದು ಪೈಸೆ ಮುಟ್ಟುತ್ತಿರಲಿಲ್ಲ. ತಗೊಳ್ಳಲೇಬೇಕೆಂದು ಹಟ ಹಿಡಿದವನೂ ನಾನೇ. ಬಸ್ಸಿನಲ್ಲಿ ಬರುವ ಹುಡುಗರಿಗೆ ಸಂಘ ಬಸ್ ಚಾರ್ಜು ಕೊಡುತ್ತದೆ, ನಿಮಗೇಕೆ ಕೊಡಬಾರದು? “ತಗೊಳ್ಳಿ ಅಣ್ಣ, ಇದು ನಿಮಗೆ ಸೇರಬೇಕಾದ್ದು” ಎಂದು ಕೈಗೆ ತುರುಕಿದೆ. ಮದುಮಗಳ ಹಾಗೆ ನಾಚಿಕೊಂಡು ತೆಗೆದುಕೊಂಡಿರಿ. ದಾರಿಯಲ್ಲೇ ಕಾರು ನಿಲ್ಲಿಸಿ ಸಾವಿತ್ರಕ್ಕನಿಗೆ ಮಲ್ಲಿಗೆ ಕೊಂಡಿರಿ. ಆ ಮುಖ ನನಗೆ ಈಗಲೂ ಇಷ್ಟ, ಗಂಗಣ್ಣ. ನಿಮ್ಮ ಕಾರು ದುಡಿಯುವುದು ಸಂಘಕ್ಕೆ, ಆದ್ದರಿಂದ ಅದರ ಇನ್ಶೂರೆನ್ಸನ್ನೂ ಸಂಘವೇ ಕಟ್ಟಬೇಕೆಂದು ಆಮೇಲೆ ಕಮಿಟಿಯಲ್ಲಿ ಒಪ್ಪಿಸಿದೆ. ಕಟ್ಟುವ ಹೊಣೆಯೂ ನನ್ನದೇ ಆಯಿತು.

ಆ ವರ್ಷ ಸರ್ಕಾರದ ಅನುದಾನ ತಡವಾಯಿತು. ಹುಡುಗರಿಗೆ ತಿಂಗಳುಗಟ್ಟಲೆ ಬಸ್ ಚಾರ್ಜೂ ಇಲ್ಲ, ಭತ್ಯೆಯೂ ಇಲ್ಲ. “ಯಾವಾಗ್ ಕೊಡ್ತೀಯ ಗುರು? ನಮ್ಗೆ ಮೊಮ್ಮಕ್ಕಳಾದ್ಮೇಲಾ?” ಎಂದು ಎಲ್ಲರ ಮುಂದೆ ಛೇಡಿಸಿದರು. ನನಗೆ ಉರಿದುಹೋಯಿತು. ಗಣೇಶನ ಹಬ್ಬದ ಹಿಂದಿನ ದಿನ, ನಿಮ್ಮ ಇನ್ಶೂರೆನ್ಸಿಗೆಂದು ಎತ್ತಿಟ್ಟಿದ್ದನ್ನೂ ಸೇರಿಸಿ, ಎಲ್ಲರಿಗೂ ಹಂಚಿಬಿಟ್ಟೆ. ಅವರ ಕಷ್ಟ ನೋಡಲಾರದೆ ಹಾಗೆ ಮಾಡಿದೆ ಎಂದು ಬರೆಯಬಹುದಿತ್ತು. ನಿಜ ಅದಲ್ಲ — ಅವತ್ತು ನಾನು ದೊಡ್ಡ ಮನುಷ್ಯನಾಗಿ ಕಾಣಬೇಕಿತ್ತು, ಅಷ್ಟೇ.

ಪಾಲಿಸಿಯ ಅವಧಿ ಮುಗಿದದ್ದು ಪಿತೃಪಕ್ಷದಲ್ಲಿ. ಪಕ್ಷದಲ್ಲಿ ಯಾರೂ ಹೊಸದೇನನ್ನೂ ಮಾಡುವುದಿಲ್ಲವಲ್ಲ — ಎಷ್ಟು ಚೆನ್ನಾದ ನೆಪ! ಆಯುಧಪೂಜೆಯ ಹೊತ್ತಿಗೆ ಅನುದಾನ ಬಂದೀತು, ಕಾರಿಗೆ ಕುಂಬಳಕಾಯಿ ಒಡೆಯುವ ದಿನವೇ ಹೊಸ ಪಾಲಿಸಿಯನ್ನು ನಿಮ್ಮ ಕೈಗಿಡೋಣ ಎಂದುಕೊಂಡೆ. ನೀವು ಕೇಳಿದಿರಿ ಕೂಡ: “ಮೂರ್ತಿ, ಇನ್ಶೂರೆನ್ಸ್ ಕಟ್ಟಿದ್ಯೇನಪ್ಪ?” “ಕಟ್ಟಾಯ್ತು ಬಿಡಿ ಅಣ್ಣ” ಎಂದೆ. ಅದೇ ವಾರದ ಭಾನುವಾರ ಮೈಸೂರು ರಸ್ತೆಯಲ್ಲಿ, ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ನೀವು ಒಬ್ಬರು ಸೈಕಲ್ ಸವಾರರಿಗೆ ಗುದ್ದಿದಿರಿ. ಗಾರೆ ಕೆಲಸದವರು ಅವರು. ಕಾಲು ಮುರಿದಿತ್ತು. ನೀವೇ ಅವರನ್ನು ಎತ್ತಿಕೊಂಡು ಕಾರಿನಲ್ಲಿ ಮಲಗಿಸಿ, “ಹೆದರ್ಬೇಡಿ ಯಜಮಾನ್ರೆ, ಇನ್ಶೂರೆನ್ಸ್ ಇದೆ. ಒಳ್ಳೆ ಆಸ್ಪತ್ರೆಗೇ ಹೋಗೋಣ” ಎಂದಿರಿ. ನಾನು ಹಿಂದಿನ ಸೀಟಿನಲ್ಲಿ ಅವರ ತಲೆ ಹಿಡಿದು ಕೂತಿದ್ದೆ. ಆಗಲೇ ಬಾಯಿ ಬಿಡಬೇಕಿತ್ತು —

ಬಿಡಲಿಲ್ಲ. ಮಾರನೆಯ ದಿನ ಇನ್ಶೂರೆನ್ಸ್ ಕಂಪನಿಯ ಆಫೀಸಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟು, ರಾಜಾಜಿನಗರದ ಒಂದು ಪಾರ್ಕಿನಲ್ಲಿ ಸುಮ್ಮನೆ ಕೂತಿದ್ದೆ. ಸಂಜೆ ನಿಮ್ಮ ಮನೆಗೆ ಬಂದೆ. ಟ್ಯಾಕ್ಸಿಯವರ ಬಾಯಲ್ಲಿ ಎಂದೋ ಕೇಳಿದ್ದ ಮಾತೊಂದು ನಾಲಿಗೆಗೆ ಬಂತು. “ಕಂಪನಿಯವ್ರು ಕೊಡಲ್ವಂತೆ ಅಣ್ಣ. ನೀವು ಪೆಟ್ರೋಲ್ ದುಡ್ಡು ತಗೊಂಡ್ರಲ್ಲ, ಅದಕ್ಕೇ ಬಾಡಿಗೆ ಕಾರಿನ ಲೆಕ್ಕ ಆಗೋಯ್ತಂತೆ. ಸ್ವಂತ ಕಾರಿನ ಪಾಲಿಸಿ ನಡೆಯಲ್ವಂತೆ.”

ನೀವು ಬಯ್ಯಲಿಲ್ಲ. ದುಡ್ಡು ತುರುಕಿದವನು ನೀನೇ ಅಲ್ಲವೇನೋ ಎಂದು ಕೂಡ ಕೇಳಲಿಲ್ಲ. ನಿಮ್ಮ ಅಂಗೈಯನ್ನೇ ನೋಡಿಕೊಂಡಿರಿ. “ಮಕ್ಕಳ ಕೆಲಸಕ್ಕೆ ಹೋಗಿ ಕೈ ಒಡ್ಡಿದ್ನಲ್ಲ, ತಪ್ಪು ನಂದೇ ಬಿಡು. ನೀನು ಮುಖ ಸಣ್ಣ ಮಾಡ್ಕೋಬೇಡ, ಕಾಫಿ ಕುಡಿ.” ಆ ಕಾಫಿ ಕುಡಿದೆ, ಗಂಗಣ್ಣ. ಪೂರ್ತಿ ಕುಡಿದೆ.

ಕಾರು ಮಾರಿ ಆ ಯಜಮಾನರ ಆಸ್ಪತ್ರೆಯ ಖರ್ಚು ನೋಡಿಕೊಂಡಿರಿ. ಅವರು ನಡೆಯುವ ತನಕ ಮನೆಗೆ ದಿನಸಿ ಹಾಕಿಸಿದಿರಿ. ಮುಂದೆ ಭಾನುವಾರಗಳಲ್ಲಿ ಸಂಘದ ಕೆಲಸಕ್ಕೆ ಬಸ್ಸಿನಲ್ಲಿ ಬಂದಿರಿ, ನಿಮ್ಮ ಟಿಕೆಟ್ ನೀವೇ ತೆಗೆಸಿದಿರಿ. ಅನುದಾನ ಬಂದ ಮೇಲೆ ನಿಮ್ಮ ಪೆಟ್ರೋಲಿನ ಬಾಕಿ ಹಿಡಿದು ನಾನು ಬಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಿ. ಸಾವಿತ್ರಕ್ಕ ಏನೋ ತಮಾಷೆಗೆ, “ಇವ್ರು ಪೆಟ್ರೋಲ್ ದುಡ್ಡಿಗೆ ಆಸೆಬಿದ್ದು ಕಾರು ಕಳ್ಕೊಂಡೋರು” ಎನ್ನುತ್ತಿದ್ದರು. ನೀವೂ ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ — ನನ್ನ ಆ ನಗು ನೆನೆದರೆ ಈಗ ಮೈ ಹೇಸುತ್ತದೆ.

ಕಾರಿಗಾಗಿ ನಾನು ಇಷ್ಟು ಸಂಕಟಪಡುತ್ತಿಲ್ಲ. ಹೋದ ತಿಂಗಳು ಮೊಮ್ಮಗಳ ಮದುವೆಗೆ ಕರೆಯಲು ನೀವು ಮೂಡಲಪಾಳ್ಯದಿಂದ ಬಸವೇಶ್ವರನಗರದ ನಮ್ಮ ಮನೆಗೆ ಬಂದಿದ್ದಿರಿ. ಮಂಡಿ ನೋವಿನಲ್ಲಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಿರಿ. ಹೊರಡುವಾಗ ನನ್ನ ಮಗಳು ಆಟೋ ಕರೆಸಿ, ಬಾಡಿಗೆ ತಾನೇ ಕೊಡುತ್ತೇನೆಂದಳು. ನೀವು ಅವಳ ತಲೆ ಸವರಿ, “ಬೇಡ ಕಣಮ್ಮ. ಒಂದ್ಸಲ ಹಂಗೆ ತಗೊಂಡು ಒಬ್ಬರ ಕಾಲಿಗೇ ಕುತ್ತು ತಂದೋನು ನಾನು” ಎಂದು ಬಿಸಿಲಿಗಿಳಿದಿರಿ. ಒಬ್ಬರ ಕಾಲು ಮುರಿದದ್ದೂ ನಿಮ್ಮ ಆಸೆಯ ಪಾಪದಿಂದಲೇ ಎಂದು ಇಷ್ಟು ಕಾಲ ನಂಬಿಕೊಂಡು ಬದುಕಿದ್ದೀರಿ ಎಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ನಾನು ಗೇಟಿನಲ್ಲಿ ನಿಂತು ನೋಡುತ್ತಿದ್ದೆ, ಆಗಲೂ ಬಾಯಿ ಬಿಡಲಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ಮದುವೆಗೆ ಮುಂಚೆಯೇ ನಿಮ್ಮ ಮನೆಗೆ ಬಂದು ನಾನೇ ಓದುತ್ತೇನೆ, ಸಾವಿತ್ರಕ್ಕನನ್ನೂ ಮಕ್ಕಳು ಮೊಮ್ಮಕ್ಕಳನ್ನೂ ಕೂರಿಸಿಕೊಂಡು. ಆಮೇಲೆ ನೀವು ನನ್ನನ್ನು ಒಳಗೆ ಇಟ್ಟುಕೊಂಡರೂ ಸರಿ, ಹೊರಗೆ ಹಾಕಿದರೂ ಸರಿ. ಆದರೆ ಅವರೆಲ್ಲರೂ ಇದೊಂದನ್ನು ನನ್ನ ಬಾಯಿಂದಲೇ ಕೇಳಬೇಕು: ಈ ಮನುಷ್ಯ ಯಾವತ್ತೂ ಆಸೆಬಿದ್ದವರಲ್ಲ.