ಬಾಗಿಲಕ್ಕನ ಮೊದಲ ಸಾಲು

ಇನ್ನೂ ಬೆಳಕು ಹರಿದಿಲ್ಲ. ಅಡುಗೆಮನೆಯ ಕಟ್ಟೆಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು, ಒಂದು ಕಣ್ಣು ಒಲೆಯ ಮೇಲಿನ ಹಾಲಿಗೆ, ಇನ್ನೊಂದು ಫೋನಿಗೆ ಕೊಟ್ಟು ಬಾಗಿಲಕ್ಕ ಬರೆಯುತ್ತಿದ್ದಾರೆ. ಬರೆಯುವುದು ಒಂದೇ ಸಾಲು. ಬರೆಯುತ್ತಾರೆ, ಅಳಿಸುತ್ತಾರೆ, ಆಕಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಜನ ಕಣ್ಣುಜ್ಜಿಕೊಂಡು ಎದ್ದಾಗ ಮೊದಲು ತಡಕಾಡುವುದು ಚಪ್ಪಲಿಗಲ್ಲ, ಫೋನಿಗೆ. ಅಷ್ಟರೊಳಗೆ ಇವರ ಸಾಲು ಅಲ್ಲಿ ಹೋಗಿ ಕೂತಿರಬೇಕು.

"ಹೆಬ್ಬೆರಳು ನಿಲ್ಬೇಕು, ಅಷ್ಟೇ ನನ್ನ ಕೆಲ್ಸ. ಮೂರು ಸೆಕೆಂಡು ಟೈಮು. ಅಷ್ಟ್ರಲ್ಲಿ ನಿಲ್ಲಿಲ್ಲಾಂದ್ರೆ ಮೇಲಕ್ಕೆ ತಳ್ಳಿ ಮುಂದೆ ಹೋಗ್ಬಿಡ್ತಾರೆ," ಎನ್ನುತ್ತಾರೆ. ಹಾಲು ಉಕ್ಕುತ್ತದೆ. ಅದು ದಿನವೂ ಉಕ್ಕುತ್ತದೆ.

ನಲ್ಲಿ, ಬಾಚಣಿಗೆ, ಹಲ್ಲಿನ ಆಸ್ಪತ್ರೆ, ಹಳೆ ಕಾರು, ಯಾವುದರ ಜಾಹೀರಾತೇ ಆಗಲಿ, ಫೋನಿನಲ್ಲಿ ತೇಲಿ ಬಂದಾಗ ಮೇಲೊಂದು ಸಾಲು ಇರುತ್ತದಲ್ಲ, 'ಈ ತಪ್ಪು ನೀವೂ ಮಾಡುತ್ತಿದ್ದೀರಾ?' ಎಂದು ಎದೆ ಧಸಕ್ಕೆನ್ನಿಸುವಂಥದ್ದು? ಅದನ್ನು ಯಾರು ಬರೆಯುತ್ತಾರೆಂದು ನಾವು ಯೋಚಿಸುವುದೇ ಇಲ್ಲ. ಈ ಊರಿನ ಅರ್ಧಕ್ಕರ್ಧ ಅಂಗಡಿಗಳಿಗೆ ಅದನ್ನು ಬರೆಯುವುದು ಐವತ್ತು ದಾಟಿದ, ಮೊಣಕಾಲು ನೋವಿನ ಈ ಹೆಂಗಸು. ನಿನ್ನೆಯ ಪೇಪರಾದರೂ ಪೊಟ್ಟಣ ಕಟ್ಟಲು ಬರುತ್ತದೆ. ಇವರ ನಿನ್ನೆಯ ಸಾಲು ಅದಕ್ಕೂ ಬರುವುದಿಲ್ಲ.

ಅಡ್ಡಹೆಸರು ಹಳೆಯ ಕೆಲಸದಿಂದ ಬಂದದ್ದು. ಬಟ್ಟೆ ಅಂಗಡಿಯ ಬಾಗಿಲಲ್ಲಿ ಇಪ್ಪತ್ತು ವರ್ಷ ನಿಂತು ದಾರಿಹೋಕರನ್ನು ಕೂಗಿ ಕರೆಯುತ್ತಿದ್ದರು. "ಬನ್ನಿ ಅಕ್ಕಾ, ನೋಡೋಕೇನು ದುಡ್ಡು ಕೊಡ್ಬೇಕಾ?" ಎಂದರೆ ಎದುರಿನ ಫುಟ್‌ಪಾತಿನವರೂ ರಸ್ತೆ ದಾಟಿ ಬರುತ್ತಿದ್ದರಂತೆ. ಕೂಗಿ ಕೂಗಿ ಗಂಟಲು ಹೋಯಿತು. ಅಂಗಡಿ ಮಾಲೀಕರ ಮಗ ಜಾಹೀರಾತಿನ ಆಫೀಸು ತೆರೆದಾಗ, "ಅಕ್ಕ, ಬಾಯಲ್ಲಿ ಕೂಗ್ತಿದ್ದದ್ದನ್ನ ಇನ್ಮೇಲೆ ಬೆರಳಲ್ಲಿ ಕೂಗಿ" ಎಂದು ಕರೆದು ಕೂರಿಸಿದರು.

ಕೂಗುವ ಕೆಲಸ ಅದೇ. ಆದರೆ ಇಲ್ಲಿ ದಣಿವು ಬೇರೆ ಥರದ್ದು. "ಬಾಗಿಲಲ್ಲಿ ನಿಂತಾಗ ಮುಖ ಕಾಣ್ತಿತ್ತು. ವಯಸ್ಸಾದೋರು ಬಿಸಿಲಲ್ಲಿ ಬಂದ್ರೆ 'ಬನ್ನಿ ಅಮ್ಮ, ಮೊದ್ಲು ಕೂತ್ಕೊಳ್ಳಿ' ಅಂತ ಸ್ಟೂಲ್ ಹಾಕ್ತಿದ್ದೆ. ಇಲ್ಲಿ ಯಾರು ನಿಂತ್ರು, ನಿಂತು ಏನಾದ್ರು, ಒಂದೂ ಗೊತ್ತಾಗಲ್ಲ. ಇಷ್ಟು ಜನ ನಿಂತ್ರು ಅಂತ ಬರೀ ನಂಬರ್ ಬರುತ್ತೆ." ನಗಿಸಿದರೆ ಸ್ವಲ್ಪ ಜನ ನಿಲ್ಲುತ್ತಾರೆ, ಹೆದರಿಸಿದರೆ ಬಹಳ ಜನ. ಆದ್ದರಿಂದ ಬಾಗಿಲಕ್ಕ ಹೆದರಿಸುತ್ತಾರೆ. ಹೊಟ್ಟೆಪಾಡು.

ಕಳೆದ ತಿಂಗಳು ದಿಂಬು ಮಾರುವ ಅಂಗಡಿಯೊಂದಕ್ಕೆ ಅವರು ಬರೆದುಕೊಟ್ಟ ಸಾಲು ಇದು: 'ನಿಮ್ಮ ಕುತ್ತಿಗೆಯ ಶತ್ರು ನಿಮ್ಮ ಹಾಸಿಗೆಯಲ್ಲೇ ಮಲಗಿದ್ದಾನೆ!' ಲಕ್ಷ ಹೆಬ್ಬೆರಳುಗಳು ನಿಂತವು. ಆಫೀಸಿನಲ್ಲಿ ಚಪ್ಪಾಳೆ ತಟ್ಟಿದರು. ನಿಂತವುಗಳಲ್ಲಿ ಒಂದು ತಮ್ಮ ಮನೆಯದೇ, ಒಳಕೋಣೆಯಲ್ಲಿ ಮಲಗುವ ಅತ್ತೆಯದು ಎಂದು ಬಾಗಿಲಕ್ಕನಿಗೆ ಆಗ ಗೊತ್ತಾಗಲಿಲ್ಲ.

ಅತ್ತೆ ಹೊಸ ದಿಂಬು ಕೊಳ್ಳಲಿಲ್ಲ. ಅಷ್ಟು ಸುಲಭಕ್ಕೆ ದುಡ್ಡು ಬಿಚ್ಚುವ ಜಾಯಮಾನ ಅವರದಲ್ಲ. ಹೆದರಿಕೆಯನ್ನು ಮಾತ್ರ ಬಿಟ್ಟಿಯಾಗಿ ತೆಗೆದುಕೊಂಡು, ಹಳೆಯ ದಿಂಬನ್ನು ಮಂಚದ ಕೆಳಗೆ ತಳ್ಳಿ ಬರೀ ಹಾಸಿಗೆಯ ಮೇಲೆ ಮಲಗತೊಡಗಿದರು. ವಾರ ಕಳೆಯುವುದರೊಳಗೆ ಕುತ್ತಿಗೆ ಹಿಡಿದುಕೊಂಡಿತು. ಪಕ್ಕಕ್ಕೆ ನೋಡಬೇಕಾದರೆ ಮೈಯನ್ನೇ ತಿರುಗಿಸಬೇಕು. ರಾತ್ರಿ ನಿದ್ದೆಯಿಲ್ಲ, ಹಗಲು ಊಟ ಸೇರದು. ಕಸ ಗುಡಿಸುವಾಗ ಪೊರಕೆಗೆ ದಿಂಬು ಸಿಕ್ಕಿದ ದಿನ ಬಾಗಿಲಕ್ಕ ಯಾಕೆಂದು ಕೇಳಿದರು. ಅತ್ತೆ ಫೋನು ತೋರಿಸಿದರು. ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ.

"ಪೊರಕೆ ಹಿಡ್ಕೊಂಡು ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ. ಜನ್ಮದಲ್ಲಿ ಅಷ್ಟು ನಾಚಿಕೆ ಆಗಿರ್ಲಿಲ್ಲ," ಎನ್ನುತ್ತಾರೆ.

ಇದ್ದದ್ದನ್ನು ಇದ್ದಹಾಗೆ ಹೇಳಿಯೂ ನೋಡಿದರು. "ಅತ್ತೆ, ಆ ಸಾಲು ಬರ್ದಿದ್ದು ನಾನೇ. ಜನ ನಿಂತು ನೋಡ್ಲಿ ಅಂತ ಬರ್ದಿದ್ದು, ಅಷ್ಟೇ."

"ನೀನಾ?" ಅತ್ತೆ ನೋವು ಮರೆತು ನಕ್ಕರು. "ಸಾಮಾನಿನ ಚೀಟಿ ಬರೆಯೋವಾಗ ಉಪ್ಪು ಮರೆಯೋಳು ನೀನು. ಇದು ತಿಳಿದೋರು ಬರ್ದಿರೋದು ಕಣೆ. ಫೋನಲ್ಲಿ ಬಂದಿದೆ."

ಹಿತ್ತಲ ಗಿಡ ಮದ್ದಲ್ಲ. ದಿಂಬಿಟ್ಟುಕೊಂಡೇ ಮಲಗಿ ಎಂದು ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಹೇಳಿದರೂ ಅತ್ತೆ ಜಗ್ಗಲಿಲ್ಲ. ಆ ಡಾಕ್ಟರು ಫೋನು ನೋಡುವುದಿಲ್ಲವಂತೆ. ಫೋನಿನಲ್ಲಿ ಬಂದ ಹೆದರಿಕೆ ಫೋನಿನಲ್ಲೇ ಹೋಗಬೇಕು ಎಂದು ಬಾಗಿಲಕ್ಕನಿಗೆ ಅರ್ಥವಾಯಿತು. ದಿಂಬಿನ ಅಂಗಡಿಯ ಹೆಸರಲ್ಲಿ ಸಮಾಧಾನದ ಸಾಲೊಂದನ್ನು ಹಾಕೋಣವೇ ಎಂದು ಆಫೀಸಿನ ಯಜಮಾನರನ್ನು ಕೇಳಿದರು. "ಅಕ್ಕ, ನೆಮ್ಮದಿಯಾಗಿರೋರು ಏನು ಕೊಂಡ್ಕೊಳ್ತಾರೆ ಹೇಳಿ?" ಎಂದು ಅವರು ನಗುನಗುತ್ತಲೇ ತಳ್ಳಿಹಾಕಿದರು.

ಸರಿ, ತಾವೇ ಬರೆಯಲು ಕೂತರು. ಅದೇ ಅಡುಗೆಮನೆ, ಅದೇ ಕುರ್ಚಿ. "ಹೆದರ್ಸೋ ಸಾಲು ಹಾಲು ಕಾಯೋದ್ರೊಳಗೆ ಬರುತ್ತೆ. ಸಮಾಧಾನದ್ದು ಬರ್ಲೇ ಇಲ್ಲ. ಕೈಗೆ ಮರ್ತೇಹೋಗಿತ್ತು." ದಿನಗಟ್ಟಲೆ ಅಳಿಸಿ ಬರೆದ ಮೇಲೆ ನೆನಪಾದದ್ದು ಅಂಗಡಿಯ ಬಾಗಿಲು ಮತ್ತು ಆ ಸ್ಟೂಲು. 'ಬನ್ನಿ ಅಮ್ಮ, ಮೊದಲು ತಲೆ ಇಡಿ. ನಿಮ್ಮ ಹಳೆ ದಿಂಬು ನಿಮಗೇನೂ ಮಾಡುವುದಿಲ್ಲ' ಎಂದು ಬರೆದು, ಕೆಳಗೆ ಡಾಕ್ಟರ ಮಾತನ್ನೂ ಸೇರಿಸಿ, ಅತ್ತೆಯ ಜೊತೆ ವಾಕಿಂಗ್ ಹೋಗುವ ನಿವೃತ್ತ ಟೀಚರಮ್ಮನಿಗೆ ಕೊಟ್ಟರು. ನಿನ್ನೆ ಸಂಜೆ ಟೀಚರಮ್ಮ ಅದನ್ನು ತಮ್ಮ ಬಳಗಕ್ಕೆಲ್ಲ ಕಳಿಸಿದ್ದಾರೆ.

ಏನಾದರೂ ಆಸೆ ಇದೆಯೇ ಎಂದರೆ ಬಾಗಿಲಕ್ಕ ಒರೆಸುವ ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ. "ಹೆದರ್ಸದೆ ಬರ್ದಿದ್ದಕ್ಕೂ ಸಂಬಳ ಕೊಡೋರು ಸಿಕ್ಕಿದ್ರೆ ಸಾಕು. ಸಿಗಲ್ಲ ಬಿಡಿ."

ಉಕ್ಕಿದ ಹಾಲು ಒರೆಸುತ್ತಿರುವಾಗ ಒಳಕೋಣೆಯ ಬಾಗಿಲು ತೆರೆಯುತ್ತದೆ. ಅತ್ತೆ ನಿಂತಿದ್ದಾರೆ, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿದೆ.

"ಎಷ್ಟು ದಿನಕ್ಕೆ ನಿದ್ದೆ ಬಂತು ಕಣೆ. ಇದನ್ನ ನೋಡು." ಫೋನನ್ನು ಸೊಸೆಯ ಮೂಗಿನ ಹತ್ತಿರ ಹಿಡಿಯುತ್ತಾರೆ. "ಮನೆ ಮಗಳು ಹೇಳ್ದಂಗಿದೆ. ಬರೆದ್ರೆ ಹಿಂಗೆ ಬರೀಬೇಕು. ಪಾಪ, ಇಷ್ಟು ಚೆನ್ನಾಗಿ ಬರ್ದು ಹೆಸರೇ ಹಾಕ್ಕೊಂಡಿಲ್ಲ ನೋಡು, ಪುಣ್ಯಾತ್ಮರು."

ಬಾಗಿಲಕ್ಕ ಒರೆಸಿದ ಕಡೆಯೇ ಇನ್ನೊಮ್ಮೆ ಒರೆಸುತ್ತಾರೆ. ತಲೆ ಎತ್ತುವುದಿಲ್ಲ.

"ಹೆಸರು ಹಾಕ್ಕೊಂಡಿದ್ರೆ ನೀವು ದಿಂಬು ಮುಟ್ತಿರ್ಲಿಲ್ಲ ಅತ್ತೆ."