ಖಾರದ ಮರುದಿನದ ಹಿಟ್ಟು

ಆದೋನಿಯಿಂದ ಪೆದ್ದಕಡುಬೂರಿನ ದಾರಿ ಹಿಡಿದು ನಡುವೆ ಎಡಕ್ಕೆ ಹೊರಳಿದರೆ ನಮ್ಮೂರು. ಊರಲ್ಲಿ ಏನೇನಿದೆ ಎಂದು ಕೇಳಿದವರಿಗೆ ಬೇವಿನ ಗಿಡದ ಕೆಳಗೆ ನಿಂತೇ ಎಲ್ಲ ತೋರಿಸಿಬಿಡಬಹುದು: ಬಸ್ಸು ತಿರುಗುವ ಬಯಲು, ಚಹದ ಹೋಟೆಲು, ಕುಡಿಯುವ ನೀರಿನ ಪ್ಲಾಂಟು, ಅದಕ್ಕೆ ಗೋಡೆ ಹಚ್ಚಿಕೊಂಡ ಹಿಟ್ಟಿನ ಗಿರಣಿ. ಮಿಕ್ಕಿದ್ದಕ್ಕೆಲ್ಲ ಆದೋನಿ, ಸೀರೆಗಾದರೆ ಎಮ್ಮಿಗನೂರು.

ಗಿರಣಿ ನಡೆಸುವಾಕೆಯನ್ನು ಊರೆಲ್ಲ ಅಕ್ಕ ಎನ್ನುತ್ತದೆ. ಅಕ್ಕನ ಹತ್ತಿರ ಇರುವುದು ಒಂದೇ ಯಂತ್ರ. ಸೋಮವಾರ ಅದರಲ್ಲಿ ಒಣಮೆಣಸಿನಕಾಯಿ, ಮಂಗಳವಾರ ಜೋಳ. ಹಾಗಾಗಿ ಮಂಗಳವಾರ ಮೊದಲು ಸುರಿದವರ ಹಿಟ್ಟು ಕೆಂಪಗೆ, ಖಾರವಾಗಿ ಬರುತ್ತದೆ. ಅದಕ್ಕೇ ಬಂದವರೆಲ್ಲ ತಮ್ಮ ಡಬ್ಬಿಯಿಂದ ಒಂದೊಂದು ಹಿಡಿ ಜೋಳ ಅಕ್ಕನ ಬುಟ್ಟಿಗೆ ಹಾಕುವುದು ವಾಡಿಕೆ. ಆ ಜೋಳ ಮೊದಲು ಹೋಗಿ ಯಂತ್ರದೊಳಗಿನ ಬೀಸುವ ಕಲ್ಲು ತೊಳೆಯುತ್ತದೆ. ಆ ಕೆಂಪು ಹಿಟ್ಟು ಅಕ್ಕನ ಮನೆಗೆ. ಅವತ್ತು ಅವರ ರೊಟ್ಟಿಗೆ ಪಲ್ಯ ಬೇಕಿಲ್ಲ, ಮೊಸರಿದ್ದರಾಯಿತು.

ಹೋದ ಬೇಸಿಗೆಯಲ್ಲಿ ಅವ್ವನ ಬಾಯೆಲ್ಲ ಹುಣ್ಣಾಯಿತು. ಖಾರ ಸೋಕಿದರೆ ಕಣ್ಣಲ್ಲಿ ನೀರು. "ಗಂಜಿ ಸಾಕಾತಪ್ಪ. ಹಾಲಾಗ ರೊಟ್ಟಿ ಮುರಕೊಂಡು ತಿಂತೀನಿ" ಎಂದಳು. ಮನೆಯಲ್ಲಿ ಹಿಟ್ಟು ತೀರಿತ್ತು, ಉಳಿದದ್ದು ಅರ್ಧ ಡಬ್ಬಿ ಜೋಳ. ಹೊತ್ತುಕೊಂಡು ಹೋದರೆ ಮಂಗಳವಾರದ ಗಿರಣಿಯಲ್ಲಿ ಎದುರುಮನೆಯ ಮುದುಕಿಯೊಬ್ಬಳೇ. ಉಳಿದವರು ಈಗ ಪಾಕೀಟು ಹಿಟ್ಟು ತರುತ್ತಾರೆ.

ಬುಟ್ಟಿಯಲ್ಲಿ ನಮ್ಮಿಬ್ಬರ ಹಿಡಿ ನೋಡಿ ಅಕ್ಕ ತಲೆಯಾಡಿಸಿದಳು. "ಇಷ್ಟರಾಗ ಕಲ್ಲು ಎಲ್ಲಿ ತೊಳೀತೈತ್ರಿ?"

"ನನ್ನ ಡಬ್ಬಿಯಿಂದಲೇ ಇನ್ನಷ್ಟು ಹಾಕಕ್ಕ" ಎಂದೆ.

"ಎಲ್ಲಾ ಕಲ್ಲಿಗೇ ಕೊಟ್ರ ನಿಮ್ಮವ್ವಗೇನು ಖಾಲಿ ಡಬ್ಬಿ ಒಯ್ತಿ?" ಎಂದಳು ಮುದುಕಿ. ಅಕ್ಕ ತನ್ನ ಜೋಳ ತರಲು ಎದ್ದರೆ ಆಕೆಯನ್ನೂ ತಡೆದಳು. "ನೀ ಕುಂದರವ್ವ. ವಾರಾ ವಾರಾ ನೀನೇ ಹಾಕಿದ್ರ ಗಿರಣಿ ಉಳಿದಂಗೇ."

ಹೊರಗೆ ಹೋಗಿ ನೀರಿಗೆ ನಿಂತವರತ್ತ ಕೂಗಿದಳು: "ಏ ಹುಡುಗೇರಾ, ಹಿಡಿ ಹಿಡಿ ಜ್ವಾಳ ತರ್ರೇ!"

"ಎಂದುಕವ್ವಾ, ಯಾತಕ್ಕ? ನಾವು ಪಾಕೀಟ್ ತರ್ತೀವಲ್ಲ" ಎಂದಳು ಸಾಲಿನಲ್ಲಿದ್ದ ಊರ ಸೊಸೆಯೊಬ್ಬಳು.

"ಪಾಕೀಟ್ ತಿಂದು ಜ್ವಾಳದ ಮಾರಿ ಮರ್ತೀಯೇನು? ಇವರವ್ವನ ಬಾಯಿ ಹುಣ್ಣಾಗೈತಿ, ಖಾರದ ಕಲ್ಲು ತೊಳೀಬೇಕು."

ನಗುತ್ತಲೇ ಕ್ಯಾನುಗಳನ್ನು ಸಾಲಿನಲ್ಲಿ ಬಿಟ್ಟು ಮನೆಗೆ ಹೋದರು. ಸೆರಗಿನಲ್ಲಿ, ಚೆಂಬಿನಲ್ಲಿ ತಂದು ಸುರಿದರು. "ಕೋಳಿಗಿಟ್ಟಿದ್ದು, ಕಲ್ಲಿಗೆ ನಡೀತೈತಾ ಅಕ್ಕಾ?" ಎಂದು ಆ ಸೊಸೆ ಕೇಳಿದಳು.

"ಕಲ್ಲಿಗೇನೋ ನಡೀತೈತಿ. ತಿನ್ನಾಕಿ ನಾನು!" ಎಂದು ಅಕ್ಕ ಯಂತ್ರದ ಗಾಲಿಗೆ ಪಟ್ಟಿ ಏರಿಸಿದಳು.

ಹಿಟ್ಟು ಕೆಂಪಾಗಿ ಬಿತ್ತು, ಬರಬರುತ್ತ ಬೆಳ್ಳಗಾಯಿತು. ಅಕ್ಕ ಚಿಟಿಕೆ ಹಿಟ್ಟು ನಾಲಿಗೆಗಿಟ್ಟುಕೊಂಡು ನೋಡಿದ ಮೇಲೇ ನನ್ನ ಡಬ್ಬಿ ಮುಟ್ಟಿದ್ದು. ಊರಲ್ಲಿ ಏನಿದೆ ಎಂದು ಕೇಳುವವರಿಗೆ ಈ ಬುಟ್ಟಿಯನ್ನು ಯಾವ ಸಾಲಿಗೆ ಸೇರಿಸಿ ಹೇಳಬೇಕೋ ನನಗೆ ಇವತ್ತಿಗೂ ತಿಳಿಯದು.

ಅವ್ವ ಹಾಲಲ್ಲಿ ನೆನೆದ ತುಂಡು ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದಳು. ಕಣ್ಣಲ್ಲಿ ನೀರು ಬರಲಿಲ್ಲ. ಎರಡನೆಯ ತುಂಡು ಮುರಿಯುತ್ತ, ಬುಟ್ಟಿಗೆ ಯಾರ್ಯಾರು ಹಾಕಿದರೆಂದು ಕೇಳಿದಳು. ಹೇಳಿದೆ.

"ಬಾಯಿ ಆರಲಿ. ಅಕ್ಕನ ಮನಿಗೆ ಹೋಗಿ ಆ ಕೆಂಪು ರೊಟ್ಟಿ ಒಂದು ತಿಂದು ಬರ್ತೀನಿ" ಎಂದಳು.